ಕತ್ತರಿಸಿದ ಕಾರ್ಡು, ಮುಚ್ಚದ ಖಾತೆ

ಸುಮಾ (ಹೆಸರು, ಗುರುತು ಬದಲಿಸಿದ್ದೇನೆ) ಖಾಸಗಿ ಶಾಲೆಯಲ್ಲಿ ಗಣಿತದ ಟೀಚರು. ವಯಸ್ಸು 38. ಹಣಕಾಸಿನ ಸಲಹೆಗೆಂದು ನನ್ನ ಬಳಿ ಬಂದು ಕೂತವರೇ ಬ್ಯಾಗಿನಿಂದ ಒಂದು ಕವರ್ ತೆಗೆದು ಮೇಜಿನ ಮೇಲೆ ಸುರಿದರು. ಕ್ರೆಡಿಟ್ ಕಾರ್ಡಿನ ನಾಲ್ಕು ತುಂಡು. "ನಿನ್ನೆ ರಾತ್ರಿ ಕತ್ತರಿ ಹಾಕಿಬಿಟ್ಟೆ ಮೇಡಂ. ಸಿಬಿಲ್ ಬಿದ್ದುಹೋಗುತ್ತೆ, ಹೋಮ್ ಲೋನ್ ಸಿಗಲ್ಲ ಅಂತ ನಮ್ಮನೆಯವರು ಬೆಳಗ್ಗಿಂದ ಕೂಗಾಡ್ತಿದ್ದಾರೆ." ಸಿಬಿಲ್ ಎಂದರೆ ನಾವು ಸಾಲ ತೀರಿಸಿದ ಚರಿತ್ರೆಯ ವರದಿ ನೋಡಿ ಕೊಡುವ ಸ್ಕೋರು. ಸಾಲ ಕೊಡುವ ಮುಂಚೆ ಬ್ಯಾಂಕು ಇದನ್ನು ನೋಡುತ್ತದೆ.

ಯಾಕೆ ಕತ್ತರಿಸಿದಿರಿ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರ ತಂದೆ ಕೈಸಾಲ ಮಾಡಿ ಮನೆ ಕಳೆದುಕೊಂಡವರು. "ಆ ಕಾರ್ಡು ಬೀರುವಿನಲ್ಲಿದೆ ಅಂತ ನೆನಪಾದ್ರೇ ಎದೆ ಹೊಡ್ಕೊಳ್ಳುತ್ತೆ." ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಕಾರ್ಡೇ ಬೇಡ ಎನ್ನುವವರಿಗೆ ಸ್ಕೋರಿನ ಗುಮ್ಮ ತೋರಿಸಿ ಅದನ್ನು ಇಟ್ಟುಕೊಳ್ಳುವಂತೆ ಮಾಡುವುದು ತಪ್ಪು.

ಬ್ಯಾಂಕಿಗೆ ತಿಳಿಸಿದ್ದೀರಾ ಎಂದೆ. ಇಲ್ಲ. ಹಾಗಾದರೆ ಖಾತೆ ಇನ್ನೂ ತೆರೆದೇ ಇದೆ. ಮೊಬೈಲಿನಲ್ಲಿ ಬಿಲ್ಲು ತೆಗೆಸಿದೆ: ವಾರ್ಷಿಕ ಶುಲ್ಕ 500, ಜಿಎಸ್‌ಟಿ 90. ಕಟ್ಟಲು ಉಳಿದದ್ದು ಐದೇ ದಿನ. ಕಾರ್ಡು ಮುಚ್ಚಿದರೆ ಬೀಳುವ ಪೆಟ್ಟಿಗಿಂತ ಈ 590 ರೂಪಾಯಿ ಕಟ್ಟದೆ ಬಿಟ್ಟಿದ್ದರೆ ಬೀಳುತ್ತಿದ್ದ ಪೆಟ್ಟು ದೊಡ್ಡದು. ಬಾಕಿ ಉಳಿಸಿಕೊಂಡ ಗುರುತು ವರದಿಯಲ್ಲಿ ವರ್ಷಗಟ್ಟಲೆ ಕಾಣುತ್ತದೆ. ಅಲ್ಲೇ ಕೂತು ಕಟ್ಟಿಸಿದೆ.

ಆಮೇಲೆ ಲೆಕ್ಕ. ಪೆನ್ನು ಅವರ ಕೈಗೇ ಕೊಟ್ಟೆ. 2014ರಲ್ಲಿ ತೆಗೆದುಕೊಂಡ ಈ ಹಳೇ ಕಾರ್ಡಿನ ಮಿತಿ 1,40,000. ದಿನಸಿ, ಫೀಸು ಎಂದು ದಿನಾ ಬಳಸುವ ಇನ್ನೊಂದರದ್ದು 60,000. ಅದರಲ್ಲಿ ತಿಂಗಳಿಗೆ ಸುಮಾರು 30,000 ಬಿಲ್ಲು. ಎರಡೂ ಸೇರಿ ಎರಡು ಲಕ್ಷಕ್ಕೆ 30,000 ಎಂದರೆ ಶೇ. 15. ಹಳೆಯದನ್ನು ಮುಚ್ಚಿದರೆ ಅರವತ್ತಕ್ಕೆ ಮೂವತ್ತು. "ಶೇ. 50!" ಎಂದು ಅವರೇ ಪೆನ್ನು ಕೆಳಗಿಟ್ಟರು. ಖರ್ಚು ಒಂದು ರೂಪಾಯಿಯೂ ಹೆಚ್ಚಿಲ್ಲ. ಆದರೂ ಇರುವ ಮಿತಿಯಲ್ಲಿ ಅರ್ಧದಷ್ಟು ಸಾಲ ಎಳೆಯುವವರಂತೆ ವರದಿಯಲ್ಲಿ ಕಾಣುತ್ತಾರೆ. ಶೇ. 30ರ ಒಳಗಿದ್ದರೆ ಒಳ್ಳೆಯದು ಎನ್ನುವುದು ರೂಢಿಯ ಮಾತು. ಹನ್ನೊಂದು ವರ್ಷದ ಒಳ್ಳೆಯ ಚರಿತ್ರೆಯೂ ಹೋಯಿತಲ್ಲ ಎಂದು ಅವರು ಹೆದರಿದ್ದರು. ಮುಚ್ಚಿದ ಖಾತೆ ವರದಿಯಿಂದ ತಕ್ಷಣ ಅಳಿಸಿಹೋಗುವುದಿಲ್ಲ ಎಂದೆ.

ಗೃಹಸಾಲದ ಅರ್ಜಿ ಎರಡು ತಿಂಗಳಲ್ಲಿ. ಅದಕ್ಕೇ ಹೇಳಿದೆ: ಸಾಲದ ಹಣ ಕೈಸೇರುವವರೆಗೆ ಖಾತೆ ಹಾಗೇ ಇರಲಿ. ತುಂಡುಗಳನ್ನು ಎಸೆಯಿರಿ, ಹೊಸ ಕಾರ್ಡು ತರಿಸಬೇಡಿ. ಒಂದು ವರ್ಷ ಬಳಸದ ಕಾರ್ಡನ್ನು ಬ್ಯಾಂಕೇ ತಿಳಿಸಿ, 30 ದಿನದಲ್ಲಿ ಉತ್ತರ ಬರದಿದ್ದರೆ ಮುಚ್ಚಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಇವರು ಕೊನೆಯ ಸಲ ಬಳಸಿ ಎಂಟು ತಿಂಗಳಾಗಿತ್ತು, ಆದ್ದರಿಂದ ಬ್ಯಾಂಕಿನಿಂದ ಬರುವ ಮೆಸೇಜು ಓದದೆ ಬಿಡಬೇಡಿ ಎಂದೆ. ದಿನಬಳಕೆಯ ಕಾರ್ಡಿಗೆ ಬಿಲ್ಲು ತಯಾರಾಗುವ ಮುಂಚೆಯೇ ಒಂದಿಷ್ಟು ಕಟ್ಟಿಬಿಡಿ, ಆಗ ಬಿಲ್ಲಿನಲ್ಲಿ ಬಾಕಿ ಕಡಿಮೆ ಕಾಣುತ್ತದೆ.

ಸಾಲ ಬಂದ ಮೇಲೆ ಧೈರ್ಯವಾಗಿ ಮುಚ್ಚಿ. ಬಾಕಿ ಪೂರ್ತಿ ತೀರಿಸಿ, ಬರವಣಿಗೆಯಲ್ಲಿ ಕೋರಿಕೆ ಕೊಡಿ. ಏಳು ಕೆಲಸದ ದಿನಗಳೊಳಗೆ ಮುಚ್ಚದಿದ್ದರೆ ಬ್ಯಾಂಕು ನಿಮಗೆ ದಿನಕ್ಕೆ 500 ರೂಪಾಯಿ ದಂಡ ಕೊಡಬೇಕು. ಆಗ ಸ್ಕೋರು ಒಂದಿಷ್ಟು ಇಳಿದರೂ ಇಳಿಯಲಿ, ಬಿಲ್ಲು ಸರಿಯಾಗಿ ಕಟ್ಟುತ್ತಾ ಬಂದರೆ ಮತ್ತೆ ಏರುತ್ತದೆ.

"ಅಲ್ಲೀವರೆಗೆ ನಿದ್ದೆ?" ಎಂದರು. ಆ್ಯಪಿನಲ್ಲಿ ಹಳೇ ಕಾರ್ಡಿನ ಆನ್‌ಲೈನ್ ವ್ಯವಹಾರ, ಎಟಿಎಂ, ಅಂಗಡಿ ಬಳಕೆ ಎಲ್ಲವನ್ನೂ ಒಂದೊಂದಾಗಿ ಆಫ್ ಮಾಡಿಸಿದೆ. ಕೊನೆಯ ಗುಂಡಿ ಅವರೇ ಒತ್ತಿದರು.

ಐದು ತಿಂಗಳ ನಂತರ ಬಂದಾಗ ಕೈಯಲ್ಲಿ ಬಾಕಿ ಇಲ್ಲವೆಂಬ ಪತ್ರವಿತ್ತು. ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ವರದಿಯನ್ನು ತೆಗೆದು ಇಬ್ಬರೂ ಸಾಲು ಸಾಲಾಗಿ ಓದಿದೆವು. ಹಳೇ ಕಾರ್ಡಿನ ಮುಂದೆ 'ಸೆಟಲ್ಡ್' (ಪೂರ್ತಿ ಕಟ್ಟದೆ ರಾಜಿಯಲ್ಲಿ ಮುಗಿಸಿದ್ದು) ಎಂದಿರಲಿಲ್ಲ, 'ಕ್ಲೋಸ್ಡ್' (ಪೂರ್ತಿ ಕಟ್ಟಿ ಮುಚ್ಚಿದ್ದು) ಎಂದೇ ಇತ್ತು.