ಬಿಲ್ಲು 62 ಇಂಚು, ಹೆದೆ ಎಷ್ಟು?

ಪ್ರಶ್ನೆ: ಸೆಕೆಂಡ್ ಹ್ಯಾಂಡಲ್ಲಿ ಒಂದು ಮರದ ರಿಕರ್ವ್ ಬಿಲ್ಲು ತಗೊಂಡೆ ಸರ್, ಅದರ ಮೇಲೆ 62 ಇಂಚು, ಎಳೆಯೋ ಬಲ 35 ಪೌಂಡ್ ಅಂತ ಬರ್ದಿದೆ. ಹಳೇ ಹೆದೆ ಎಳೆ ಬಿಟ್ಟಿತ್ತು ಅಂತ ಹೊಸದು ತಂದೆ, ಅಳೆದ್ರೆ 59 ಇಂಚು. ಏರಿಸಿದ್ಮೇಲೆ ಹಿಡಿಗೂ ಹೆದೆಗೂ ಗ್ಯಾಪೇ ಸಾಲ್ತಿಲ್ಲ, ಬಾಣ ಬಿಟ್ಟಾಗೆಲ್ಲ ಮಣಿಕಟ್ಟಿಗೆ ರಪ್ ಅಂತ ಬಡಿಯುತ್ತೆ. ಹುರಿ ಹಾಕಿ ಗಿಡ್ಡ ಮಾಡ್ಲಾ?
(ಓದುಗರು, ಶಿವಮೊಗ್ಗ)

ಉತ್ತರ: ಮೊದ್ಲು ಆ ಬಿಲ್ಲಿನ ಹೆದೆ ಇಳಿಸಿಡಿ, ಮಣಿಕಟ್ಟು ನೀಲಿಗಟ್ಟೋವರೆಗೂ ಕಾಯ್ಬೇಡಿ. ನಿಮ್ಮ ಹೆದೆ ಒಂದು ಇಂಚು ಉದ್ದ ಆಗಿದೆ. ಅಮೆರಿಕದ ಬಿಲ್ಲು ತಯಾರಕರು ಸೇರಿ ಮಾಡ್ಕೊಂಡ ಎಎಂಒ ಅಂತ ಒಂದು ಅಳತೆ ಇದೆ, ಬಿಲ್ಲಿನ ಮೇಲೆ ಬರೆಯೋ ಇಂಚು ಸಾಮಾನ್ಯವಾಗಿ ಅದೇ. ಅದ್ರಲ್ಲಿ ತುದಿ ಮುಂದಕ್ಕೆ ಬಾಗದ ಲಾಂಗ್‌ಬೋಗೆ ಹೆದೆ ಸುಮಾರು 3 ಇಂಚು ಕಮ್ಮಿ ಇರ್ಬೇಕು, ರಿಕರ್ವ್‌ಗೆ ಸುಮಾರು 4. ಯಾಕಂದ್ರೆ ರಿಕರ್ವಿನ ತುದಿ ಮುಂದಕ್ಕೆ ಬಾಗಿರುತ್ತೆ, ಏರಿಸಿದಾಗ ಹೆದೆ ಕೊನೇಲಿ ಸ್ವಲ್ಪ ದೂರ ಅದರ ಮೇಲೇ ಒರಗಿ ಕೂರುತ್ತೆ. ಹಾಗಾಗಿ ನಿಮ್ಮದಕ್ಕೆ 58.

ಎಡವಟ್ಟು ಆಗೋದು ಕವರ್ ನೋಡಿ ತಗೊಂಡಾಗ. ಕೆಲವರು 62 ಅಂತ ಬರೆದ್ರೆ '62ರ ಬಿಲ್ಲಿಗೆ' ಅಂತ ಅರ್ಥ, ಇನ್ನು ಕೆಲವರು ಹೆದೆಯ ನಿಜವಾದ ಉದ್ದಾನೇ ಬರೀತಾರೆ, ಅಂಗಡೀಲಿ ಇದನ್ನ ಬಾಯಿಬಿಟ್ಟು ಕೇಳ್ಲೇಬೇಕು. ಕುಣಿಕೆಯ ತುದಿಯಿಂದ ತುದಿಗೆ, ಬಿಗಿಯಾಗಿ ಎಳೆದಿಟ್ಟು ಅಳೆದ ಲೆಕ್ಕ ಬೇಕು.

ಹುರಿ ವಿಷಯಕ್ಕೆ ಬಂದ್ರೆ, ಕಾಲಿಂಚು, ಹೆಚ್ಚಂದ್ರೆ ಅರ್ಧ ಇಂಚಿನವರೆಗೆ ಓಕೆ. ಪೂರ್ತಿ ಒಂದು ಇಂಚು ಹುರಿಯಲ್ಲೇ ಕಮ್ಮಿ ಮಾಡೋಕೆ ಹೋದ್ರೆ ಹೆದೆ ತನ್ನ ಮೇಲೇ ತಾನು ಸುತ್ಕೊಂಡು ಗಂಟುಗಂಟಾಗುತ್ತೆ, ಎಳೆಗಳು ಬೇಗ ಸವೆಯುತ್ತವೆ. ಬೇರೆ ತಗೊಳ್ಳಿ. ಹಳೇ ಮರದ ಬಿಲ್ಲು ಅಂದ್ರಿ, ಅದಕ್ಕೆ ಡಾಕ್ರಾನ್ (ಸ್ವಲ್ಪ ಹಿಗ್ಗೋ ಪಾಲಿಯೆಸ್ಟರ್ ದಾರ) ಹೆದೆನೇ ಹಾಕಿ, ಹಿಗ್ಗದೇ ಇರೋ ಫಾಸ್ಟ್ ಫ್ಲೈಟ್ ಥರದ್ದು ಹಾಕಿದ್ರೆ ಬಲಪಡಿಸದ ತುದಿಯ ಕಚ್ಚು ಸೀಳೋ ಅಪಾಯ ಇದೆ.

ಹೊಸ ಡಾಕ್ರಾನ್ ಸ್ವಲ್ಪ ಹಿಗ್ಗುತ್ತೆ, ಇಪ್ಪತ್ತು ಮೂವತ್ತು ಬಾಣ ಬಿಟ್ಟ ಮೇಲೇ ಅಳೀರಿ. ಹಿಡಿಯ ಆಳವಾದ ಜಾಗದಿಂದ ಹೆದೆವರೆಗೆ ನೇರ ಅಳತೆ, ಅದೇ ಬ್ರೇಸ್ ಹೈಟ್, ನಿಮ್ಮ ಸೈಜಿಗೆ ಏಳೂವರೆಯಿಂದ ಎಂಟು ಇಂಚಿನ ಆಸುಪಾಸು ಇಟ್ಕೊಂಡು ಶುರುಮಾಡಿ, ಕಮ್ಮಿ ಇದ್ರೆ ನಾಲ್ಕೈದು ಸುತ್ತು ಹುರಿ ಹಾಕಿ, ಜಾಸ್ತಿ ಆದ್ರೆ ಬಿಚ್ಚಿ, ಪ್ರತಿ ಸಲ ಮೂರು ಬಾಣ ಬಿಟ್ಟು ಸದ್ದು ಕೇಳಿ, ಸದ್ದು ಕಮ್ಮಿ ಇರೋ ಜಾಗ ಸಿಕ್ಕಾಗ ಅಲ್ಲೇ ನಿಲ್ಲಿಸಿ. ತೀರಾ ಎತ್ತರಿಸ್ಬೇಡಿ, ಹೆದೆ ಬಾಣವನ್ನ ತಳ್ಳೋ ದೂರ ಕಮ್ಮಿಯಾಗಿ ಬಾಣ ನಿಧಾನ ಆಗುತ್ತೆ, ಬಿಲ್ಲಿಗೂ ಭಾರ.

ಪ್ರಶ್ನೆ: ಬಿದಿರಿನ ಬಿಲ್ಲು ಸರ್, ಯಾವ ಅಳತೆನೂ ಬರ್ದಿಲ್ಲ. ಹೆದೆ ಹೇಗೆ ಲೆಕ್ಕ ಹಾಕ್ಲಿ?
(ಓದುಗರು, ಮೈಸೂರು)

ಉತ್ತರ: ಲೆಕ್ಕ ಬೇಡ, ಕಟ್ಟಿ ನೋಡಿ. ಹಿಗ್ಗದ ಗಟ್ಟಿ ದಾರಕ್ಕೆ ಮೇಲೆ ಕುಣಿಕೆ, ಕೆಳಗೆ ಬಿಚ್ಚಿ ಕಟ್ಟೋಕೆ ಬರೋ ಗಂಟು ಹಾಕಿ. ಅದನ್ನ ಬಿಲ್ಲಿಗೆ ಏರಿಸಿ, ಮುಷ್ಟಿ ಹಿಡಿಯ ಮೇಲಿಟ್ಟು ಹೆಬ್ಬೆರಳು ಎತ್ತಿದ್ರೆ ಹೆದೆ ತಾಗ್ಬೇಕು, ಸುಮಾರು ಆರೇಳು ಇಂಚು. ತಾಗೋವರೆಗೂ ಪ್ರತಿ ಸಲ ದಾರ ಇಳಿಸಿ, ಕೆಳಗಿನ ಗಂಟು ಸರಿಸ್ತಾ ಹೋಗಿ, ಆಮೇಲೆ ಆ ದಾರವನ್ನೇ ಅಳೆದು ಅಷ್ಟೇ ಉದ್ದಕ್ಕೆ ಪಕ್ಕಾ ಹೆದೆ ಮಾಡಿಸಿ.