ಮೊದಲ ತುತ್ತಿಗೇ ಅಳಿಸಬೇಡಿ

ನಮಸ್ಕಾರ,

ನಿಮ್ಮ ಕಥೆ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಸುಮ್ನೆ ಬಿಟ್ಟುಬಿಡುವ ಕಥೆಯೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕ್ಯೋಟೊದ ಗಲ್ಲಿಯೊಂದರಲ್ಲಿ ಪುಟ್ಟ ಹೋಟೆಲು. ತಾಯಿಯನ್ನು ಕಳೆದುಕೊಂಡ ಯೂಕಿ ಅಲ್ಲಿಗೆ ಬರುತ್ತಾಳೆ. ಮಾಲೀಕ ಅವಳ ಅಮ್ಮ ಮಾಡುತ್ತಿದ್ದಂಥದೇ ನಿಕುಜಾಗ, ಅಂದರೆ ಮಾಂಸ-ಆಲೂಗಡ್ಡೆ ಬೇಯಿಸಿದ ಅಡುಗೆ, ಬಡಿಸುತ್ತಾನೆ. ಮೊದಲ ತುತ್ತಿಗೇ ಬಿಕ್ಕಿ ಬಿಕ್ಕಿ ಅತ್ತು, ಹಗುರಾಗಿ ಮನೆಗೆ ಹೋಗುತ್ತಾಳೆ. ಇಂಥ ಜಪಾನಿ ಕಾದಂಬರಿಗಳನ್ನು ನೀವು ಆಸೆಪಟ್ಟು ಓದಿದ್ದೀರಿ ಅಂತ ಗೊತ್ತಾಗುತ್ತದೆ. ಕಿಟಕಿಯ ಬೆಕ್ಕು, ಉದುರುವ ಸಕುರಾ ಹೂವು, ಮಾತು ಕಡಿಮೆಯ ಅಡುಗೆಯವ, ಎಲ್ಲಾ ಬಂದಿವೆ. ಅಮ್ಮ ಮಾತ್ರ ಬಂದಿಲ್ಲ. ಆಕೆ ಎಂಥವಳು, ಮಗಳ ಜೊತೆ ಯಾತಕ್ಕೆ ಜಗಳ ಆಡುತ್ತಿದ್ದಳು, ಒಂದು ಸಾಲೂ ಇಲ್ಲ. ಮುಖವೇ ನೋಡದವಳಿಗಾಗಿ ಓದುಗ ಯಾಕೆ ಅಳಬೇಕು?

ಒಂದು ತಪ್ಪು ಹೇಳಲೇಬೇಕು. ಮಾಲೀಕ ಅನ್ನದ ಬಟ್ಟಲಿಗೆ ಚಾಪ್‌ಸ್ಟಿಕ್ ನೆಟ್ಟಗೆ ಚುಚ್ಚಿ ಯೂಕಿಯ ಮುಂದಿಡುತ್ತಾನೆ. ಜಪಾನಿನಲ್ಲಿ ಹಾಗೆ ಇಡುವುದು ಸತ್ತವರಿಗೆ. ಊಟಕ್ಕೆ ಕೂತವರ ಮುಂದೆ ಇಟ್ಟರೆ ಎದ್ದೇ ಹೋದಾರು!

ಇನ್ನೊಂದು ತಪ್ಪಿದೆ, ಅದನ್ನು ಮಾತ್ರ ಕೈಬಿಡಬೇಡಿ. ನಿಮ್ಮ ನಿಕುಜಾಗಕ್ಕೆ ಹಂದಿ ಮಾಂಸ ಬಿದ್ದಿದೆ. ಆಲೂಗಡ್ಡೆ, ಈರುಳ್ಳಿ, ಸೋಯಾ ಸಾಸ್, ಸಕ್ಕರೆ ಎಲ್ಲಾ ಕಡೆ ಇದ್ದದ್ದೇ. ಆದರೆ ಕ್ಯೋಟೊ, ಒಸಾಕಾ ಕಡೆ ಸಾಮಾನ್ಯವಾಗಿ ದನದ ಮಾಂಸ ಹಾಕುತ್ತಾರೆ. ಟೋಕಿಯೊ ಕಡೆ ಹಂದಿಯದು ಜಾಸ್ತಿ. ಹಾಗಾದರೆ ಅಮ್ಮ ಟೋಕಿಯೊ ಕಡೆಯಿಂದ ಮದುವೆಯಾಗಿ ಬಂದವಳು ಯಾಕಾಗಬಾರದು? ಅತ್ತೆ ಮೂಗು ಮುರಿದರೂ ಹಂದಿ ಮಾಂಸವನ್ನೇ ಹಾಕಿದವಳು. ಮಾಲೀಕ ಮೊದಲು ತನ್ನೂರಿನ ರೂಢಿಯಂತೆ ದನದ ಮಾಂಸ ಹಾಕಿ ಕೊಡಲಿ. ಯೂಕಿಗೆ 'ಇದಲ್ಲ' ಅನಿಸಲಿ, ಯಾಕೆ ಅಂತ ಹೊಳೆಯದಿರಲಿ. ಚಿಕ್ಕವಳಿದ್ದಾಗ 'ಗೆಳತಿಯರ ಮನೇಲಿ ಮಾಡೋ ಹಾಗೆ ಮಾಡು' ಅಂತ ಬಟ್ಟಲು ತಳ್ಳಿದ್ದು ಆಗ ನೆನಪಾಗಲಿ. ನಿಮ್ಮ ಕಥೆ ಇರೋದು ಇಲ್ಲಿ.

ಅಳು ಬೇಕೇ ಬೇಕು ಅಂತೇನಿಲ್ಲ. ಜಪಾನಿ ಲೇಖಕಿ ಬನಾನಾ ಯೋಶಿಮೊಟೊ ಅವರ 1988ರ ಕಾದಂಬರಿ 'ಕಿಚನ್'ನಲ್ಲಿ ಅಜ್ಜಿ ತೀರಿಕೊಂಡ ಮೇಲೆ ನಾಯಕಿ ಮಿಕಾಗೆಗೆ ನಿದ್ದೆ ಹತ್ತುವುದು ಫ್ರಿಜ್ ಪಕ್ಕ ಮಲಗಿದಾಗ. ಅಷ್ಟರಲ್ಲೇ ಅವಳ ಒಂಟಿತನ ತಿಳಿಯುತ್ತದೆ.

ಬೆಕ್ಕನ್ನು ತೆಗೆಯಿರಿ, ಸಕುರಾನೂ. ಕೊನೆಯ ಪುಟದಲ್ಲಿ ಮಾಲೀಕ ರುಚಿ, ನೆನಪು ಅಂತ ಕೊಡುವ ಭಾಷಣ ಪೂರ್ತಿ ಹೋಗಲಿ. ತಿದ್ದಿ ಕಳಿಸಿ, ಮತ್ತೆ ಓದುತ್ತೇನೆ. ಅವಸರವೇನಿಲ್ಲ.

ಇಂತಿ,
ಸಂಪಾದಕ