ಹಡಗಿನಲ್ಲಿ ಕೈಪಟ್ಟಿ ಕಟ್ಟಿದರೆ ಸಾಕಾ?

ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೋಗುವಾಗ ಅಮ್ಮನಿಗೆ ವಾಂತಿ ಆಗದಿರಲು ಕೈಪಟ್ಟಿ ಸಾಕಾ ಅಂತ ಕೇಳಿದ್ದೀರಿ. ಮಣಿಕಟ್ಟಿನ ಹತ್ತಿರ ಒಂದು ಜಾಗವನ್ನು ಗುಂಡಿಯಿಂದ ಒತ್ತುವ ಸೀ-ಬ್ಯಾಂಡ್ ಥರದ್ದು ತಗೊಳ್ಳಿ, ಮಾತ್ರೆಯ ಹಾಗೆ ಮಂಪರು ತರುವುದಿಲ್ಲ. ಆದರೆ ಅದೊಂದನ್ನೇ ನಂಬಬೇಡಿ. ಪರೀಕ್ಷೆಗಳಲ್ಲಿ ಫಲಿತಾಂಶ ಒಂದೇ ಥರ ಬಂದಿಲ್ಲ.

ಕಟ್ಟುವ ಜಾಗ ಮಾತ್ರ ಸರಿಯಾಗಿರಲಿ. ಅಂಗೈ ಮೇಲೆ ಮಾಡಿಸಿ, ಮಣಿಕಟ್ಟಿನ ಗೆರೆಯಿಂದ ಮೊಳಕೈ ಕಡೆಗೆ ಅಮ್ಮನದೇ ಮೂರು ಬೆರಳಿನ ಅಗಲ ಅಳೆಯಿರಿ. ಅಲ್ಲಿ ಚರ್ಮದ ಕೆಳಗೆ ಕೈಗೆ ಸಿಗುವ ಎರಡು ಹುರಿಗಳ (ಸ್ನಾಯುರಜ್ಜು) ನಡುವೆ ಪಟ್ಟಿಯ ಪ್ಲಾಸ್ಟಿಕ್ ಗುಂಡಿ ಒತ್ತಬೇಕು. ಎರಡೂ ಕೈಗೆ ಕಟ್ಟಿ, ಹಡಗು ಹೊರಡುವ ಮೊದಲೇ.

ವಿದ್ಯುತ್ ಮಿಡಿತ ಕೊಡುವ ರಿಲೀಫ್‌ಬ್ಯಾಂಡ್ ಬೇರೆ. ಪೇಸ್‌ಮೇಕರ್ ಇದ್ದರೆ ಅದು ಬೇಡವೇ ಬೇಡ. ಪ್ರಯಾಣದ ವಾಂತಿ ತಡೆಯುವ ಅವೊಮಿನ್ ಮಾತ್ರೆ ಕೊಡಬಹುದಾ ಅಂತ ಈಗಲೇ ಡಾಕ್ಟರನ್ನು ಕೇಳಿಡಿ, ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಅಲ್ವಾ.